ಮದರಾಸಿನ ಮೊಹರು

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಮಾತು ಆಗಾಗ ಏಳುತ್ತಿತ್ತು. ಯು.ಜಿ.ಸಿ.ಯಿಂದ ಹೊಸ ಸುತ್ತೋಲೆ ಬಂದು ಬಡ್ತಿಗೆ ಪಿಎಚ್.ಡಿ. ಬೇಕು ಅಂತಾದರೆ ಸಾಕು, ಯಾರಾದರೊಬ್ಬರು ಟೀ ಲೋಟ ಕೆಳಗಿಟ್ಟು, "ಅಲ್ಲಾ ಮೇಡಂ, ರಾಮನ್ ಯಾವ ಪಿಎಚ್.ಡಿ. ಮಾಡಿದ್ರು? ನೊಬೆಲ್ ಬರ್ಲಿಲ್ವಾ?" ಅನ್ನುವರು. ಎಲ್ಲರೂ ನಗುವರು. ನಾನು ಭೌತವಿಜ್ಞಾನದವಳು, ಮೇಲಾಗಿ ಪಿಎಚ್.ಡಿ. ಮಾಡಿಕೊಂಡವಳು. ಹಾಗಾಗಿ ಉತ್ತರ ಹೇಳುವ ಪಾಳಿ ನನ್ನದೇ. ಎರಡು ಪೀರಿಯಡ್‌ಗಳ ನಡುವೆ ಹೇಳಿ ಮುಗಿಸುವ ಉತ್ತರ ಅದಲ್ಲ. ಈಗ ನಿವೃತ್ತಳಾಗಿದ್ದೇನೆ, ಪುರುಸೊತ್ತಿದೆ, ಬರೆಯುತ್ತೇನೆ.

ಸಿ.ವಿ. ರಾಮನ್ ಪಿಎಚ್.ಡಿ. ಮಾಡಲಿಲ್ಲ, ನಿಜ. ಮಾಡಬೇಕೆಂದಿದ್ದರೂ ಎಲ್ಲಿ ಮಾಡಬೇಕಿತ್ತು? ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸಿದ್ದು 1907ರಲ್ಲಿ. ನಮ್ಮ ವಿಶ್ವವಿದ್ಯಾಲಯಗಳಿಗೆಲ್ಲ ಮಾದರಿಯಾಗಿದ್ದ ಬ್ರಿಟನ್ನಿನಲ್ಲೇ ಆಗ ಪಿಎಚ್.ಡಿ. ಎಂಬುದು ಇರಲಿಲ್ಲ. ಅದು ಜರ್ಮನಿಯ ಪದ್ಧತಿ. ವಿದ್ಯಾರ್ಥಿ ಒಬ್ಬ ಪ್ರಾಧ್ಯಾಪಕನ ಪ್ರಯೋಗಾಲಯಕ್ಕೆ ಸೇರಿ, ಅಲ್ಲಿಯವರೆಗೆ ಯಾರೂ ಕಂಡಿರದ ಒಂದಿಷ್ಟನ್ನು ಕಂಡು, ಅದನ್ನು ಬರೆದೊಪ್ಪಿಸಿ 'ಡಾಕ್ಟರ್' ಆಗುವುದು. ಅಮೆರಿಕದವರು ಅದನ್ನು ಅಲ್ಲಿಂದ ಕಲಿತು 1861ರಲ್ಲಿ ಯೇಲ್‌ನಲ್ಲಿ ಮೊದಲ ಪಿಎಚ್.ಡಿ.ಗಳನ್ನು ಕೊಟ್ಟರು. ಇಂಗ್ಲೆಂಡಿನವರು ಮಾತ್ರ ಮೊದಲ ಮಹಾಯುದ್ಧದವರೆಗೂ ಅತ್ತ ತಿರುಗಿ ನೋಡಲಿಲ್ಲ. ಯುದ್ಧದ ನಡುವೆ, ಜರ್ಮನಿಗೆ ಹೋಗುತ್ತಿದ್ದ ಅಮೆರಿಕದ ಹುಡುಗರನ್ನು ತಮ್ಮ ಕಡೆಗೆ ಸೆಳೆಯಬಹುದಲ್ಲ ಎಂಬ ಲೆಕ್ಕಾಚಾರವೂ ಸೇರಿಕೊಂಡು, 1917ರಲ್ಲಿ ಆಕ್ಸ್‌ಫರ್ಡ್ ಬಾಗಿಲು ತೆರೆಯಿತು. ಉಳಿದವು ಹಿಂದೆ ಬಂದವು. ನಮ್ಮ ಶ್ರೀನಿವಾಸ ರಾಮಾನುಜನ್ 1916ರಲ್ಲಿ ಕೇಂಬ್ರಿಜ್‌ನಿಂದ ಪಡೆದದ್ದು ಸಂಶೋಧನೆಯ ಆಧಾರದ ಬಿ.ಎ.! ಹೆಚ್ಚು ಭಾಜಕಗಳಿರುವ ಸಂಖ್ಯೆಗಳ ಮೇಲಿನ ಆ ಕೆಲಸಕ್ಕೆ ಕೊಡಲು ಅವರ ಹತ್ತಿರ ಇದ್ದದ್ದು ಅಷ್ಟೇ.

ಡಿ.ಎಸ್ಸಿ. ಎಂಬುದೊಂದಿತ್ತು. ಪಿ.ಸಿ. ರೇ 1887ರಲ್ಲಿ ಎಡಿನ್‌ಬರೋದಿಂದ, ಜೆ.ಸಿ. ಬೋಸ್ 1896ರಲ್ಲಿ ಲಂಡನ್ನಿನಿಂದ ಅದನ್ನು ತಂದಿದ್ದರು. ಅದಕ್ಕೆ ಹಡಗು ಹತ್ತಬೇಕಿತ್ತು. ರಾಮನ್ ಹತ್ತಲಿಲ್ಲ. ಹಣಕಾಸು ಇಲಾಖೆಯ ಪರೀಕ್ಷೆ ಪಾಸು ಮಾಡಿ ಕಲ್ಕತ್ತೆಗೆ ಹೋದರು. ಹಗಲು ಲೆಕ್ಕಪತ್ರ, ಬೆಳಗ್ಗೆ ಸಂಜೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದಲ್ಲಿ ಪ್ರಯೋಗ. 1917ರಲ್ಲಿ ಪಾಲಿತ್ ಪೀಠದ ಪ್ರಾಧ್ಯಾಪಕರಾಗುವಾಗಲೂ 'ವಿದೇಶದಲ್ಲಿ ತರಬೇತಿ' ಎಂಬ ಷರತ್ತು ಅಡ್ಡ ಬಂತು. ರಾಮನ್ ಒಪ್ಪಲಿಲ್ಲ, ಕಲ್ಕತ್ತ ವಿಶ್ವವಿದ್ಯಾಲಯದ ಆಶುತೋಷ್ ಮುಖರ್ಜಿ ಷರತ್ತನ್ನೇ ಸಡಿಲಿಸಿದರು. ಸ್ಟಾಫ್ ರೂಮಿನಲ್ಲಿ ಈ ಕಥೆಯ ರಾಮನ್ ಅರ್ಧ ಮಾತ್ರ ಬರುತ್ತದೆ, ಆಶುತೋಷ್ ಬಾಬು ಬರುವುದಿಲ್ಲ. ಅರ್ಹತೆಯ ಕಾಗದ ಇಲ್ಲದವನಿಗಾಗಿ ನಿಯಮವನ್ನು ಬಗ್ಗಿಸಬಲ್ಲ ಒಬ್ಬರು ಮೇಲೆ ಕುಳಿತಿದ್ದರು ಎನ್ನುವುದೂ ಆ ನೊಬೆಲ್ ಕಥೆಯ ಭಾಗವೇ.

ಇನ್ನು ಬೆಂಗಳೂರಿಗೆ ಬರೋಣ. ಹೊರಗಿನವರು ಐ.ಐ.ಎಸ್ಸಿ. ಎನ್ನುವ ಜಾಗ ನಮ್ಮ ಊರಿನ ಹಳಬರಿಗೂ ಆಟೋದವರಿಗೂ ಟಾಟಾ ಇನ್‌ಸ್ಟಿಟ್ಯೂಟೇ. ಜೆಮ್‌ಷೆಡ್‌ಜಿ ಟಾಟಾ ಅವರ ದತ್ತಿ, ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ 371 ಎಕರೆ ಜಮೀನು ಸೇರಿ 1909ರಲ್ಲಿ ಹುಟ್ಟಿ, 1911ರಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು. ಮೊದಲ ದಿನದಿಂದ ಅದು ಸಂಶೋಧನೆಯ ಸಂಸ್ಥೆ, ಆದರೆ ವಿಶ್ವವಿದ್ಯಾಲಯ ಅಲ್ಲ. ಡಿಪ್ಲೊಮಾ ಕೊಡಬಹುದಿತ್ತು, ಪ್ರಬಂಧ ಒಪ್ಪಿಸಿದವರಿಗೆ 'ಅಸೋಸಿಯೇಟ್‌ಶಿಪ್' ಕೊಡಬಹುದಿತ್ತು. ಎಂ.ಎಸ್ಸಿ., ಪಿಎಚ್.ಡಿ., ಡಿ.ಎಸ್ಸಿ. ಬೇಕೆಂದರೆ ಇಲ್ಲಿ ಮಾಡಿದ ಕೆಲಸವನ್ನು ಬೈಂಡ್ ಮಾಡಿಸಿ ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು. ಬೊಂಬಾಯಿಯಲ್ಲಿ ಬಿ.ಎಸ್ಸಿ. ಓದಿದವರು ಬೊಂಬಾಯಿಗೆ, ಮದರಾಸಿನವರು ಮದರಾಸಿಗೆ. ಕೆಲಸ ಮೈಸೂರು ಸೀಮೆಯದು, ಮೊಹರು ಹೊರಗಿನದು. ಐವತ್ತು ವರ್ಷದ ಹತ್ತಿರ ಹೀಗೇ ನಡೆಯಿತು.

1933ರಲ್ಲಿ ರಾಮನ್ ಈ ಸಂಸ್ಥೆಯ ನಿರ್ದೇಶಕರಾಗಿ ಬಂದು ಭೌತವಿಜ್ಞಾನ ವಿಭಾಗ ತೆರೆದರು. ಮುಂದಿನ ಹದಿನೈದು ವರ್ಷ ಆ ವಿಭಾಗದಲ್ಲಿ ನಡೆದದ್ದು ಇವತ್ತಿಗೂ ಪಠ್ಯಪುಸ್ತಕದಲ್ಲಿದೆ. ಶಬ್ದದ ಅಲೆಗಳಿಂದ ಬೆಳಕು ಚದುರುವ ಬಗೆಯನ್ನು ವಿವರಿಸುವ ರಾಮನ್–ನಾಥ್ ಸಿದ್ಧಾಂತ ಅಲ್ಲಿಯದು. ನಿರ್ದೇಶಕ ಸ್ಥಾನವನ್ನು 1937ರಲ್ಲಿ ಬಿಟ್ಟರೂ ವಿಭಾಗವನ್ನು ಅವರು 1948ರವರೆಗೆ ಬಿಡಲಿಲ್ಲ. ಎರಡನೇ ಮಹಾಯುದ್ಧ ಬಂದು ವಿದೇಶದ ದಾರಿ ಕಟ್ಟಿಹೋದಾಗ ದೇಶದ ಬುದ್ಧಿವಂತ ಹುಡುಗರೆಲ್ಲ ಬೆಂಗಳೂರಿಗೆ ಬಂದು ಸೇರಿಕೊಂಡರು. ಒಂದೇ ಕಾಲದಲ್ಲಿ, ಒಂದೇ ಆವರಣದಲ್ಲಿ ಇದ್ದ ನಾಲ್ವರನ್ನು ನೋಡಿ. ಪದವಿ ಎಂಬ ಬಾಗಿಲು ಯಾರಿಗೆ ಹೇಗೆ ತೆರೆಯಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ವಿಕ್ರಂ ಸಾರಾಭಾಯಿ ಕೇಂಬ್ರಿಜ್‌ನಲ್ಲಿ ಓದುತ್ತಿದ್ದವರು, ಯುದ್ಧದಿಂದಾಗಿ ಊರಿಗೆ ಮರಳಿದರು. ರಾಮನ್ ಕೈಕೆಳಗೆ ಬೆಂಗಳೂರಿನಲ್ಲಿ ಕಾಸ್ಮಿಕ್ ಕಿರಣ ಅಳೆದರು. 1945ರಲ್ಲಿ ಯುದ್ಧ ಮುಗಿದ ಕೂಡಲೇ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಪಿಎಚ್.ಡಿ. ಪಡೆದರು. ಪ್ರಬಂಧದ ವಿಷಯ ಉಷ್ಣವಲಯದ ಅಕ್ಷಾಂಶಗಳಲ್ಲಿ ಕಾಸ್ಮಿಕ್ ಕಿರಣ. ಹರೀಶ್‌ಚಂದ್ರ 1943ರಲ್ಲಿ ಅಲಹಾಬಾದಿನಿಂದ ಬಂದರು, ಹೋಮಿ ಭಾಭಾ ಜೊತೆ ಸೈದ್ಧಾಂತಿಕ ಭೌತವಿಜ್ಞಾನ ಮಾಡಿದರು. ಅವರೂ 1945ರಲ್ಲಿ ಕೇಂಬ್ರಿಜ್‌ಗೆ ಹೋಗಿ ಡಿರಾಕ್ ಕೈಕೆಳಗೆ 1947ರಲ್ಲಿ ಡಾಕ್ಟರೇಟ್ ಮುಗಿಸಿದರು. ಆಮೇಲೆ ಗಣಿತಕ್ಕೇ ತಿರುಗಿ ಆ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದರು. ಮೂರನೆಯವರು ಜಿ.ಎನ್. ರಾಮಚಂದ್ರನ್. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗಿಗೆ ಸೇರಿದ ಹುಡುಗನನ್ನು ರಾಮನ್ ತಮ್ಮ ವಿಭಾಗಕ್ಕೆ ಎಳೆದುಕೊಂಡರು. ರಾಮಚಂದ್ರನ್ ಬೆಂಗಳೂರಿನಲ್ಲಿದ್ದುಕೊಂಡೇ ಮದರಾಸ್ ವಿಶ್ವವಿದ್ಯಾಲಯದ ಮಾಸ್ಟರ್ ಪದವಿ ಪಡೆದು, 1947ರಲ್ಲಿ ಅಲ್ಲಿಂದಲೇ ಡಿ.ಎಸ್ಸಿ. ಪಡೆದು, ಆಮೇಲೆ ಕೇಂಬ್ರಿಜ್‌ನ ಪಿಎಚ್.ಡಿ.ಯನ್ನೂ ಸೇರಿಸಿಕೊಂಡರು.

ನಾಲ್ಕನೆಯವರು ಅನ್ನಾ ಮಣಿ.

ತಿರುವಾಂಕೂರಿನ ಪೀರ್ಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ರಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿ, 1940ರಲ್ಲಿ ಸ್ಕಾಲರ್‌ಶಿಪ್ ಪಡೆದು ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಹೆಣ್ಣುಮಕ್ಕಳಿಗೆ ಅಲ್ಲಿ ಕಾಲಿಡುವುದೇ ದೊಡ್ಡ ವಿಷಯ. 1933ರಲ್ಲಿ ಬೊಂಬಾಯಿಯಿಂದ ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರಿಗೆ ಇದೇ ರಾಮನ್ 'ಹೆಂಗಸು' ಎಂಬ ಕಾರಣಕ್ಕೆ ಸೀಟು ಇಲ್ಲ ಎಂದಿದ್ದರು. ಆಕೆ ಪಟ್ಟು ಬಿಡದೆ ಕುಳಿತ ಮೇಲೆ, ಒಂದು ವರ್ಷ ನೋಡುತ್ತೇನೆ ಎಂದು ಒಪ್ಪಿದರು. ಆಕೆ 1939ರಲ್ಲಿ ಕೇಂಬ್ರಿಜ್‌ನಲ್ಲಿ ಜೀವರಸಾಯನ ವಿಜ್ಞಾನದ ಪಿಎಚ್.ಡಿ. ಪಡೆದರು. ಅನ್ನಾ ಮಣಿ ಬರುವ ಹೊತ್ತಿಗೆ ಹೊರಗಿನ ಬಾಗಿಲು ಅಷ್ಟು ಬಿಗಿಯಾಗಿರಲಿಲ್ಲ. ಒಳಗೆ ಮಾತ್ರ ಗಂಡು ಹೆಣ್ಣು ಕೂತು ವಿಜ್ಞಾನ ಚರ್ಚಿಸುವುದನ್ನು ರಾಮನ್ ಸಹಿಸುತ್ತಿರಲಿಲ್ಲ. ಮಾತು, ವಾದ, ಹರಟೆಯಿಂದ ಕಲಿಯುವುದೆಲ್ಲ ಹುಡುಗರ ಪಾಲಿಗೆ ಉಳಿಯಿತು.

ಆಗ ರಾಮನ್ ಅವರಿಗೆ ವಜ್ರದ ಹುಚ್ಚು. ಸುಮಾರು 300 ವಜ್ರ ಸಂಗ್ರಹಿಸಿದ್ದರು. ವಿಭಾಗದವರೆಲ್ಲ ಒಂದಲ್ಲ ಒಂದು ರೀತಿ ವಜ್ರಕ್ಕೇ ಅಂಟಿಕೊಂಡಿದ್ದರು. ಅನ್ನಾ ಮಣಿಯ ಪಾಲಿಗೆ ಬಂದದ್ದು ವಜ್ರ ಮತ್ತು ಮಾಣಿಕ್ಯಗಳ ಪ್ರತಿದೀಪ್ತಿ. ಹರಳಿಗೆ ಬೆಳಕು ಬಿಟ್ಟರೆ ಅದು ತನ್ನದೇ ಬಣ್ಣದಲ್ಲಿ ಮಂಕಾಗಿ ಹೊಳೆಯುತ್ತದಲ್ಲ, ಆ ಹೊಳಪಿನ ರೋಹಿತ. ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತವನ್ನು ಅವರು ತೆಗೆದರು.

ಇದರ ಕಷ್ಟ ನನಗೆ ಗೊತ್ತು, ಯಾಕೆಂದರೆ ನಾನು ಸಂಶೋಧನೆಗೆ ಸೇರಿದಾಗಲೂ ನಮ್ಮ ಲ್ಯಾಬಿನ ಒಂದು ಮೂಲೆಯಲ್ಲಿ ಗಾಜಿನ ಪ್ಲೇಟಿನ ಹಳೇ ಸ್ಪೆಕ್ಟ್ರೋಗ್ರಾಫ್ ಕೆಲಸ ಮಾಡುತ್ತಿತ್ತು. ಬರಿಗಣ್ಣಿಗೆ ಹೊಳಪು ಕಂಡಿತು ಎಂದ ಮಾತ್ರಕ್ಕೆ ಪ್ಲೇಟಿನ ಮೇಲೆ ಗೆರೆ ಮೂಡುವುದಿಲ್ಲ. ಬೆಳಕನ್ನು ಕಿರಿದಾದ ಸೀಳಿನಲ್ಲಿ ತೂರಿಸಿ, ಪಟ್ಟಕದಲ್ಲಿ ಬಿಡಿಸಿ, ಬಣ್ಣಬಣ್ಣವಾಗಿ ಹರಡಿದ ಮೇಲೆ ಒಂದೊಂದು ಬಣ್ಣದ ಪಾಲಿಗೆ ಬರುವುದು ಚೂರೇ ಚೂರು. ಆ ಚೂರು ಗಂಟೆಗಟ್ಟಲೆ ಬಿದ್ದು ಬಿದ್ದು ಎಮಲ್ಷನ್ ಮೇಲೆ ಗುರುತಾಗಬೇಕು. ಅನ್ನಾ ಮಣಿಯ ಮಂಕು ವಜ್ರಗಳಿಗೆ 15ರಿಂದ 20 ಗಂಟೆಯ ಎಕ್ಸ್‌ಪೋಷರ್ ಬೇಕಾಗುತ್ತಿತ್ತು. ಅದೂ ಹರಳನ್ನು ದ್ರವೀಕರಿಸಿದ ಗಾಳಿಯ ತಂಪಿನಲ್ಲಿ, ಅಂದರೆ ಸೊನ್ನೆಗಿಂತ 190 ಡಿಗ್ರಿಯಷ್ಟು ಕೆಳಗೆ, ಇಟ್ಟು. ಹರಳು ತಣ್ಣಗಾದಷ್ಟೂ ಹರಡಿಕೊಂಡ ಪಟ್ಟೆಗಳು ಚೂಪಾದ ಗೆರೆಗಳಾಗುತ್ತವೆ. ನೀಲಿಯಾಗಿ ಹೊಳೆಯುವ ವಜ್ರದಲ್ಲಿ 4152 ಆಂಗ್‌ಸ್ಟ್ರಾಮಿನ ಗೆರೆ, ಹಸಿರಾಗಿ ಹೊಳೆಯುವುದರಲ್ಲಿ 5032ರದು. ದ್ರವೀಕರಿಸಿದ ಗಾಳಿ ಸುಮ್ಮನೆ ಕೂರುವ ವಸ್ತುವಲ್ಲ, ಆವಿಯಾಗುತ್ತಲೇ ಇರುತ್ತದೆ. ಮತ್ತೆ ಮತ್ತೆ ತುಂಬಬೇಕು. ನಡುವೆ ಹರಳು ಕದಲಬಾರದು, ದೀಪ ಏರಿಳಿಯಬಾರದು, ಕೋಣೆಯೊಳಗೆ ಬೇರೆ ಬೆಳಕು ಬರಬಾರದು. ಇಷ್ಟಾದ ಮೇಲೆ ಕತ್ತಲಕೋಣೆಗೆ ಹೋಗಿ ಡೆವಲಪರ್, ಹೈಪೊ, ನೀರು. ಗೆರೆ ಮೂಡಿತ್ತೋ, ಅದನ್ನು ಮೈಕ್ರೋಸ್ಕೋಪಿನಡಿ ಅಳೆಯಬೇಕು. ಮೂಡಿರಲಿಲ್ಲವೋ, ಮತ್ತೆ ರಾತ್ರಿಯೆಲ್ಲ ಜಾಗರಣೆ. ಅನ್ನಾ ಮಣಿ ಎಷ್ಟೋ ರಾತ್ರಿಗಳನ್ನು ಲ್ಯಾಬಿನಲ್ಲೇ ಕಳೆದರು.

1942ರಿಂದ 1945ರ ನಡುವೆ ಅವರು ಐದು ಲೇಖನ ಪ್ರಕಟಿಸಿದರು. ಐದರಲ್ಲೂ ಲೇಖಕರ ಜಾಗದಲ್ಲಿ ಅವರ ಹೆಸರೊಂದೇ. ಗೈಡ್ ಹೆಸರಿಲ್ಲದೆ ವಿದ್ಯಾರ್ಥಿಯ ಲೇಖನ ಹೊರಬರುವುದು ಇಂದು ಅಪರೂಪ. ಈ ಒಂದು ವಿಷಯದಲ್ಲಿ ರಾಮನ್ ಅವರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು. 1945ರ ಆಗಸ್ಟಿನಲ್ಲಿ ಪ್ರಬಂಧ ಸಿದ್ಧವಾಗಿ ಮದರಾಸ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಉತ್ತರ ಬಂತು: ಅಭ್ಯರ್ಥಿಗೆ ಎಂ.ಎಸ್ಸಿ. ಇಲ್ಲ, ಆದ್ದರಿಂದ ಪಿಎಚ್.ಡಿ. ಇಲ್ಲ.

ಯೋಚಿಸಿ. ಆನರ್ಸ್ ಪದವಿ ಕೊಟ್ಟದ್ದು ಅದೇ ವಿಶ್ವವಿದ್ಯಾಲಯ. ಆ ಪದವಿಯ ಬಲದ ಮೇಲೆಯೇ ಸಂಶೋಧನೆಯ ಸ್ಕಾಲರ್‌ಶಿಪ್ ಸಿಕ್ಕಿತ್ತು. ಐದು ಲೇಖನ ಅಚ್ಚಾಗಿದ್ದವು. ನಿರಾಕರಣೆಗೆ ಕೊಟ್ಟ ಕಾರಣ ಪ್ರಬಂಧದ ಒಳಗಿನದಾಗಿರಲಿಲ್ಲ. ವಜ್ರದ ಬಗ್ಗೆ ಆಕೆ ಬರೆದದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಯವರೆಗೂ ಮಾತು ಹೋಗಲೇ ಇಲ್ಲ. ಆ ಪ್ರಬಂಧ ಈಗ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ, ಪದವಿ ಸಿಕ್ಕ ಬೇರೆ ಪ್ರಬಂಧಗಳಿಗೂ ಅದಕ್ಕೂ ಹೊರನೋಟದಲ್ಲಿ ವ್ಯತ್ಯಾಸವೇ ಇಲ್ಲ ಎಂದು ಈ ಇತಿಹಾಸವನ್ನು ಅಗೆದು ತೆಗೆದ ಅಭಾ ಸೂರ್ ಬರೆದಿದ್ದಾರೆ.

ಭೌತವಿಜ್ಞಾನ ಬಿಟ್ಟು ಅನ್ನಾ ಮಣಿ ಸರ್ಕಾರಿ ಸ್ಕಾಲರ್‌ಶಿಪ್ ಮೇಲೆ ಇಂಗ್ಲೆಂಡಿಗೆ ಹೋದರು, ಹವಾಮಾನದ ಉಪಕರಣಗಳನ್ನು ಕಲಿಯಲು. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಮಳೆಮಾಪಕದಿಂದ ಹಿಡಿದು ಬ್ಯಾರೋಮೀಟರ್‌ವರೆಗೆ ಎಲ್ಲವನ್ನೂ ಹೊರಗಿನಿಂದ ತರಿಸುತ್ತಿದ್ದ ದೇಶದಲ್ಲಿ ಅವನ್ನು ಇಲ್ಲೇ ಮಾಡುವ ವ್ಯವಸ್ಥೆ ಕಟ್ಟಿದರು. ದೇಶದ ಉದ್ದಗಲಕ್ಕೂ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಹರಡಿದರು. 1963ರಲ್ಲಿ ತುಂಬಾದ ರಾಕೆಟ್ ನೆಲೆಗೆ ಹವಾಮಾನ ವೀಕ್ಷಣಾಲಯ ಬೇಕಾದಾಗ ಕರೆ ಹೋದದ್ದು ಅನ್ನಾ ಮಣಿಗೆ. ಕರೆದವರು ವಿಕ್ರಂ ಸಾರಾಭಾಯಿ. ಇಪ್ಪತ್ತು ವರ್ಷದ ಹಿಂದೆ ಒಂದೇ ವಿಭಾಗದಲ್ಲಿ ಒಬ್ಬರೇ ಗುರುವಿನ ಕೈಕೆಳಗೆ ಇದ್ದವರು. ಒಬ್ಬರು ಡಾ. ಸಾರಾಭಾಯಿ, ಇನ್ನೊಬ್ಬರು ಮಿಸ್ ಮಣಿ. 1976ರಲ್ಲಿ ಇಲಾಖೆಯ ಉಪಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಅವರು ಬೆಂಗಳೂರಿಗೆ ಬಂದರು, ರಾಮನ್ ಸಂಸ್ಥೆಯಲ್ಲಿ ಕೆಲಸ ಮಾಡಿದರು, ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಕಾರ್ಯಾಗಾರವೊಂದನ್ನು ನಡೆಸಿದರು. 2001ರಲ್ಲಿ ತೀರಿಕೊಂಡರು.

ಪಿಎಚ್.ಡಿ. ಸಿಗದಿದ್ದರಿಂದ ತನಗೇನೂ ನಷ್ಟವಾಗಲಿಲ್ಲ ಎಂಬುದು ಕೊನೆಯವರೆಗೂ ಅವರ ನಿಲುವಾಗಿತ್ತು. ಅವರ ಸ್ವಾಭಿಮಾನಕ್ಕೆ ಕೈಮುಗಿಯುತ್ತೇನೆ, ಆದರೆ ಆ ಮಾತನ್ನು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳಲಾರೆ. ಹವಾಮಾನ ಇಲಾಖೆಗೆ ಲಾಭವಾಯಿತು, ದೇಶಕ್ಕೂ ಆಯಿತು. ಸ್ಫಟಿಕಗಳ ಭೌತವಿಜ್ಞಾನಕ್ಕೆ ಏನಾಯಿತು? ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ ಹತ್ತು ಹುಡುಗಿಯರನ್ನು ಸಂಶೋಧನೆಗೆ ಹಚ್ಚಬಹುದಾಗಿದ್ದ ಒಬ್ಬರು ಆ ದಾರಿಯಿಂದಲೇ ಹೊರಗುಳಿದರಲ್ಲ? ರಾಮನ್ ಪದವಿ ಇಲ್ಲದೆಯೂ ಬೆಳೆದರು ನಿಜ. ಪದವಿ ಇಲ್ಲದೆ ಬೆಳೆಯಲು ಬೇಕಾದ ಉಳಿದ ಅನುಕೂಲಗಳೆಲ್ಲ ಅವರಿಗಿದ್ದವು.

1958ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಯು.ಜಿ.ಸಿ. ಕಾಯ್ದೆಯಡಿ ವಿಶ್ವವಿದ್ಯಾಲಯದ ಸ್ಥಾನಮಾನ ಬಂತು. ಮೊಹರು ಮನೆಗೆ ಬಂತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಎಸ್. ಚಂದ್ರಶೇಖರ್ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿ ಬಂದು ದ್ರವಸ್ಫಟಿಕಗಳ ಕೆಲಸ ಶುರುಮಾಡಿದರು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿ ಸೆಂಟ್ರಲ್ ಕಾಲೇಜು ಅದಕ್ಕೆ ಸೇರಿತು. ನಮ್ಮ ಪೀಳಿಗೆ ಥೀಸಿಸ್ ಬರೆಯುವ ಹೊತ್ತಿಗೆ ಮದರಾಸಿನ ರೈಲು ಹತ್ತುವ ಅಗತ್ಯ ಇರಲಿಲ್ಲ.

ಆದರೂ ಆ ಹಳೇ ಅಪನಂಬಿಕೆ ಪೂರ್ತಿ ಹೋಗಿರಲಿಲ್ಲ. ಇಲ್ಲಿ ಮಾಡಿದ ಕೆಲಸಕ್ಕೆ ಹೊರಗಿನವರು 'ಹೂಂ' ಅನ್ನಬೇಕು. ಪರೀಕ್ಷಕರಲ್ಲಿ ಒಬ್ಬರಾದರೂ ವಿದೇಶದವರಿರಬೇಕು. ಥೀಸಿಸ್ಸು ಏರ್‌ಮೇಲಿನಲ್ಲಿ ಹೋಗುತ್ತಿತ್ತು, ವರದಿ ತನ್ನ ಪಾಡಿಗೆ ತಾನು ಯಾವಾಗಲೋ ಬರುತ್ತಿತ್ತು. ನನ್ನ ಒಬ್ಬ ಪರೀಕ್ಷಕರು ಊರು ಬದಲಿಸಿ, ಕಟ್ಟು ಹಳೇ ವಿಳಾಸದಲ್ಲೇ ಬಿದ್ದಿತ್ತು. ಅದು ಗೊತ್ತಾಗುವಷ್ಟರಲ್ಲಿ ನನ್ನ ಫೆಲೋಶಿಪ್ ಮುಗಿದು, ನಾನು ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ ಹೇಳುತ್ತಿದ್ದೆ.

ಆ ಕಾಲದ ಥೀಸಿಸ್ ಎಂದರೆ ಟೈಪಿಸ್ಟರ ಕೈಚಳಕವೂ ಹೌದು. ಮಲ್ಲೇಶ್ವರದ ಒಂದು ಮನೆಯ ವರಾಂಡದಲ್ಲಿ ಕುಳಿತು ನನ್ನದನ್ನು ಟೈಪ್ ಮಾಡಿದವರು ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಹಿರಿಯರು. ಮೊದಲ ದಿನವೇ ಕೇಳಿದರು, "ಇಕ್ವೇಷನ್ ಜಾಸ್ತಿ ಇದೆಯೇನಮ್ಮಾ? ಇಕ್ವೇಷನ್ ಪುಟಕ್ಕೆ ರೇಟು ಬೇರೆ." ಮೂಲಪ್ರತಿಯ ಕೆಳಗೆ ಕಾರ್ಬನ್ ಇಟ್ಟು ಪ್ರತಿಗಳು. ಕೊನೆಯ ಪ್ರತಿ ಎಷ್ಟು ಮಸುಕೆಂದರೆ ಅದು ಬರೆದವರಿಗೇ ಮೀಸಲು, ಒಳ್ಳೆಯ ಪ್ರತಿಗಳು ಪರೀಕ್ಷಕರಿಗೆ. ಸಬ್‌ಸ್ಕ್ರಿಪ್ಟ್ ಬಂದಾಗ ರೋಲರನ್ನು ಕೈಯಿಂದ ಅರ್ಧ ಹಲ್ಲು ಮೇಲಕ್ಕೆ ತಿರುಗಿಸಿ, ಅಂಕಿ ಒತ್ತಿ, ಮತ್ತೆ ಅರ್ಧ ಹಲ್ಲು ಕೆಳಕ್ಕೆ. ಆಲ್ಫಾ, ಸಿಗ್ಮಾ, ಇಂಟಿಗ್ರಲ್ ಚಿಹ್ನೆಗಳಿಗೆ ಜಾಗ ಬಿಡುತ್ತಿದ್ದರು. ರಾತ್ರಿ ನಾನು ಪ್ರತಿಯೊಂದು ಪ್ರತಿಯಲ್ಲೂ ಕಪ್ಪು ಮಸಿಯಿಂದ ಅವನ್ನು ತುಂಬಬೇಕು. ಅವರಿಗೆ ಭೌತವಿಜ್ಞಾನ ಗೊತ್ತಿರಲಿಲ್ಲ, ಆದರೆ ಒಂದು ಸಲ, "ಹಿಂದಿನ ಪುಟದಲ್ಲಿ ಇದೇ ಸಾಲಿಗೆ ಮೈನಸ್ ಇತ್ತಲ್ಲಮ್ಮಾ" ಎಂದು ಬೆರಳಿಟ್ಟು ತೋರಿಸಿದರು. ಗ್ರಾಫುಗಳು ಟ್ರೇಸಿಂಗ್ ಕಾಗದದ ಮೇಲೆ ಡ್ರಾಯಿಂಗ್ ಪೆನ್ನಿನಿಂದ, ಅಕ್ಷರಗಳು ಸ್ಟೆನ್ಸಿಲ್‌ನಿಂದ. ರೋಹಿತದ ಫೋಟೋಗಳನ್ನು ಗೋಂದು ಹಚ್ಚಿ ಅಂಟಿಸುವುದು. ಕಡೆಗೆ ರೆಕ್ಸಿನ್ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ.

ತೊಂಬತ್ತರ ದಶಕದಲ್ಲಿ ಈ ಕಸುಬು ಕಣ್ಣೆದುರಿಗೇ ಮುಗಿದುಹೋಯಿತು. ಡೊನಾಲ್ಡ್ ಕನೂತ್ ಎಂಬ ಗಣಕವಿಜ್ಞಾನಿ ತನ್ನ ಪುಸ್ತಕದ ಗಣಿತ ಚೆನ್ನಾಗಿ ಅಚ್ಚಾಗಲಿಲ್ಲವೆಂದು ಬೇಸತ್ತು 1978ರಲ್ಲಿ ಹೊರತಂದ 'ಟೆಕ್', ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ 'ಲೇಟೆಕ್' ಬಂದ ಮೇಲೆ, ವಿದ್ಯಾರ್ಥಿಯೇ ಟೈಪಿಸ್ಟ್, ವಿದ್ಯಾರ್ಥಿಯೇ ಅಚ್ಚುಮೊಳೆ ಜೋಡಿಸುವವ. ಈಗಿನ ಥೀಸಿಸ್ಸುಗಳು ನೋಡಲು ಎಷ್ಟೋ ಚೆಂದ. ನನಗೇನೂ ಹಳೆಯದರ ಮೇಲೆ ಮೋಹವಿಲ್ಲ. ಹನ್ನೆರಡನೇ ಸಲ ಸಿಗ್ಮಾ ಬರೆದವರಿಗೆ ಆ ಮೋಹ ಇರುವುದಿಲ್ಲ.

ಬದಲಾಗದೆ ಉಳಿದದ್ದು ಬಾಗಿಲಿನ ಗಲಾಟೆ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್.ಡಿ. ಕಡ್ಡಾಯ ಎಂದು 2018ರಲ್ಲಿ ನಿಯಮವಾಯಿತು. 2021ರಿಂದ ಜಾರಿಯಾಗಬೇಕಿದ್ದದ್ದು ಮುಂದಕ್ಕೆ ಹೋಯಿತು. 2023ರಲ್ಲಿ ನೆಟ್, ಸ್ಲೆಟ್ ಪರೀಕ್ಷೆ ಪಾಸಾಗಿದ್ದರೆ ಸಾಕು ಎಂದು ಸಡಿಲವಾಯಿತು. ಅದಕ್ಕೂ ಮೊದಲು, 2022ರ ನವೆಂಬರಿನಲ್ಲಿ, ಇನ್ನೊಂದು ನಿಯಮ ಬಂತು. ನಾಲ್ಕು ವರ್ಷದ ಪದವಿ ಓದಿ ಶೇ. 75 ಅಂಕ ಪಡೆದವರು ಎಂ.ಎಸ್ಸಿ. ಇಲ್ಲದೆಯೇ ನೇರವಾಗಿ ಪಿಎಚ್.ಡಿ.ಗೆ ಸೇರಬಹುದು. ಅದನ್ನು ಓದಿದಾಗ ನಾನು ಮಾಡಿದ ಮೊದಲ ಕೆಲಸ ಲೆಕ್ಕ ಹಾಕಿದ್ದು. 1945ರಿಂದ 2022ಕ್ಕೆ 77 ವರ್ಷ. 'ಎಂ.ಎಸ್ಸಿ. ಇಲ್ಲ' ಎಂಬುದು ನಿಸರ್ಗದ ನಿಯಮವಾಗಿರಲಿಲ್ಲ. ಯಾರೋ ಬರೆದದ್ದು, ಇನ್ಯಾರೋ ಅಳಿಸಿದರು.

ಅನ್ನಾ ಮಣಿಗೆ ಮರಣೋತ್ತರ ಪದವಿ ಕೊಡಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ಹೆಚ್ಚು ಉತ್ಸಾಹವಿಲ್ಲ. ಅವರಿಗೆ ಅದು ಬೇಕಿಲ್ಲ, ಕೊಟ್ಟವರಿಗೆ ಒಂದು ಸಮಾರಂಭ ಸಿಗುತ್ತದೆ, ಅಷ್ಟೇ. ಅದಕ್ಕಿಂತ, ಇವತ್ತು ವಿಶ್ವವಿದ್ಯಾಲಯದ ಕಚೇರಿಯ ಕಿಟಕಿಯ ಮುಂದೆ ಕಡತ ಹಿಡಿದು ನಿಂತಿರುವ ಹುಡುಗಿಯ ಅರ್ಜಿಯನ್ನು ನೋಡಿ. ಶೇ. 74 ಬಂದವಳು, ಮದುವೆ ಬಾಣಂತನದ ನಡುವೆ ವರ್ಷ ಕಳೆದುಕೊಂಡವಳು, ಬೇರೆ ವಿಷಯದಲ್ಲಿ ಎಂ.ಎಸ್ಸಿ. ಮಾಡಿ ಭೌತವಿಜ್ಞಾನಕ್ಕೆ ಬರಬೇಕೆಂದವಳು. ಹೊಸ ನಿಯಮ ಬಂದಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ. ಈ ನಿಯಮ ಅವಳ ಕೆಲಸವನ್ನು ಓದಿ 'ಇಲ್ಲ' ಎನ್ನುತ್ತದೋ, ಓದದೆಯೇ 'ಇಲ್ಲ' ಎನ್ನುತ್ತದೋ? ಓದಿ ಹೇಳುವುದಾದರೆ ಎಷ್ಟು ಕಠಿಣವಾಗಿದ್ದರೂ ಇರಲಿ, ಸಂಶೋಧನೆ ಎಂದರೆ ಅದೇ. ಓದದೆ ಹೇಳುವ ನಿಯಮವನ್ನು ಮಾತ್ರ ಯಾರಾದರೂ ಬಗ್ಗಿಸಬೇಕು. ಆಶುತೋಷ್ ಬಾಬು ಒಬ್ಬರಿಗಾಗಿ ಅದನ್ನು ಮಾಡಿದರು. ಈಗ ಕುರ್ಚಿಯಲ್ಲಿ ಕುಳಿತಿರುವವರು ನಮ್ಮ ಜೊತೆಯವರು, ನಮ್ಮ ವಿದ್ಯಾರ್ಥಿಗಳು. ಕೇಳಬೇಕಾದದ್ದು ಅವರನ್ನು.